ಸುಣ್ಣಗಲ್ಲಿನ ನಾಡಿಗೆ ಎಂಥ ಮೀನುತೊಟ್ಟಿ?

ಬಳಸಿದ ನೀರನ್ನೇ ಸೋಸಿ, ಶುದ್ಧ ಮಾಡಿ, ಮತ್ತೆ ಮತ್ತೆ ತೊಟ್ಟಿಗೆ ತಿರುಗಿಸುತ್ತ ಮೀನು ಸಾಕುವ ಪದ್ಧತಿಯ ಮಾತು ಬಂದರೆ ಕಲಬುರಗಿಯಂಥ ಬಿಸಿಲ ಜಿಲ್ಲೆಯಲ್ಲಿ ಆಸೆ ಹುಟ್ಟುವುದು ಸಹಜ. ಕೆರೆ ಬೇಡ, ಕಾಲುವೆ ಬೇಡ, ಒಂದು ಕೊಳವೆಬಾವಿ ಮತ್ತು ಒಂದು ಶೆಡ್ ಸಾಕು ಎನ್ನುವ ಭರವಸೆ ಕೇಳಲು ಹಿತವಾಗಿದೆ. ಅದಕ್ಕೆ ಸರ್ಕಾರದ ಹಣದ ಬೆಂಬಲವೂ ಇದೆ. 2020ರ ಸೆಪ್ಟೆಂಬರಿನಲ್ಲಿ ಚಾಲನೆಗೊಂಡ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆ ಇಂಥ ಘಟಕಗಳಿಗೆ ಅಳತೆ ಮತ್ತು ವೆಚ್ಚ ಎರಡನ್ನೂ ಗೊತ್ತುಮಾಡಿತು. ದೊಡ್ಡ ಘಟಕ ಎಂದರೆ ತಲಾ 90 ಘನ ಮೀಟರಿನ 8 ತೊಟ್ಟಿ, ಬೆಳೆಯೊಂದಕ್ಕೆ 40 ಟನ್ ಮೀನು, 50 ಲಕ್ಷ ರೂಪಾಯಿ. ಮಧ್ಯಮ ಘಟಕ ಎಂದರೆ ತಲಾ 30 ಘನ ಮೀಟರಿನ 6 ತೊಟ್ಟಿ, 10 ಟನ್, 25 ಲಕ್ಷ. ಇದರಲ್ಲಿ ಸಾಮಾನ್ಯ ವರ್ಗದವರಿಗೆ ಶೇ. 40, ಮಹಿಳೆಯರಿಗೆ ಮತ್ತು ಪರಿಶಿಷ್ಟ ಜಾತಿ, ಪಂಗಡದವರಿಗೆ ಶೇ. 60 ಸಹಾಯಧನ. ಎರಡೂ ಅಳತೆಗಳಲ್ಲಿ ಒಂದು ಘನ ಮೀಟರ್ ನೀರಿಗೆ ಸುಮಾರು 55 ಕೆ.ಜಿ. ಮೀನು ಬರುತ್ತದೆ. ಮಾರುಕಟ್ಟೆಗೆ ಹೋಗುವ ದಪ್ಪ ಮೀನನ್ನು ಅಷ್ಟು ಒತ್ತೊತ್ತಾಗಿ ಬೆಳೆಸುವುದೇ ಈ ಯಂತ್ರದ ಕೆಲಸ ಎಂದು ಯೋಜನೆ ಮೊದಲೇ ತೀರ್ಮಾನಿಸಿಬಿಟ್ಟಿದೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಸೀಮೆಗೆ ಆ ತೀರ್ಮಾನ ಹೊಂದುವುದಿಲ್ಲ. ಇಲ್ಲಿ ಮರುಬಳಕೆ ತೊಟ್ಟಿಗೆ ನಿಜವಾದ ಜಾಗವಿದೆ. ಆದರೆ ಆ ಜಾಗ ಇರುವುದು ಬೇಸಿಗೆಯಲ್ಲಿ ಮೀನುಮರಿಗಳನ್ನು ಉಳಿಸಿಕೊಂಡು ಮಳೆಗಾಲಕ್ಕೆ ಕೆರೆ, ಜಲಾಶಯಗಳಿಗೆ ಬಿಡುವ ಕೆಲಸದಲ್ಲಿ. ತೂಕದ ಮೀನು ಬೆಳೆದು ಮಾರುವುದರಲ್ಲಿ ಅಲ್ಲ.

ಈ ಸೀಮೆಯ ನೆಲದ ಸ್ವಭಾವದಿಂದಲೇ ಶುರುಮಾಡಬೇಕು. ಭೀಮಾ ಕಣಿವೆಯ ಸುಣ್ಣಗಲ್ಲಿನ ಹಾಸು ಇಲ್ಲಿ ಪದರ ಪದರವಾಗಿ ಹರಡಿದೆ. ದಖ್ಖನ್ನಿನ ಎಷ್ಟೋ ಮನೆಗಳ ನೆಲಕ್ಕೆ ಹಾಸಿದ ಶಹಾಬಾದ್ ಕಲ್ಲು ಎದ್ದುಬಂದದ್ದು ಇಲ್ಲಿಂದಲೇ. ವಾಡಿ, ಮಳಖೇಡ, ಸೇಡಂ, ಚಿಂಚೋಳಿ ಭಾಗದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಇದೇ ಕಲ್ಲಿನ ಮೇಲೆ. ಕಲ್ಲು ಎತ್ತಿದ ಕಡೆಯೆಲ್ಲ ಖಣಿ ಹೊಂಡಗಳು ಉಳಿದಿವೆ. ಮಳೆಗಾಲ ಮುಗಿದ ಮೇಲೂ ಹಲವು ಹೊಂಡಗಳಲ್ಲಿ ನೀರು ನಿಲ್ಲುತ್ತದೆ. ಹೊಂಡಗಳ ಸುತ್ತ ಎರೆಭೂಮಿ, ಅದರಲ್ಲಿ ತೊಗರಿ. ಕಾಗಿಣಾ ನದಿ ಸೇಡಂ, ಮಳಖೇಡ, ಚಿತ್ತಾಪುರದ ಸೀಮೆ ಹಾದು ಶಹಾಬಾದಿನ ಹತ್ತಿರ ಭೀಮೆಯನ್ನು ಸೇರುತ್ತದೆ. ಚಿಂಚೋಳಿ ಕಡೆ ಚಂದ್ರಂಪಳ್ಳಿ ಜಲಾಶಯವಿದೆ, ಮುಲ್ಲಾಮಾರಿಗೆ ಅಡ್ಡವಾಗಿ ನಾಗರಾಳದಲ್ಲಿ ಕಟ್ಟಿದ ಅಣೆಕಟ್ಟೆಯಿದೆ, ಹೇರೂರಿನಲ್ಲಿ ಬೆಣ್ಣೆತೊರಾ ಜಲಾಶಯವಿದೆ. ಅಂದರೆ ಮೀನು ಬೆಳೆಯಬಲ್ಲ ನೀರಿನ ಹರವು ಇಲ್ಲಿ ಇದ್ದೇ ಇದೆ. ಇಲ್ಲದಿರುವುದು ಕಾಲ. ಜಿಲ್ಲೆಯ ವಾರ್ಷಿಕ ಮಳೆ ಸುಮಾರು 750 ಮಿ.ಮೀ., ಅದರ ಬಹುಪಾಲು ಜೂನ್‌ನಿಂದ ಅಕ್ಟೋಬರ್ ಒಳಗೆ ಬಿದ್ದು ಮುಗಿಯುತ್ತದೆ. ಸಣ್ಣ ಕೆರೆಗಳಲ್ಲಿ ಮೀನಿಗೆ ಸಿಗುವುದು ಆರೇಳು ತಿಂಗಳ ಅವಕಾಶ. ಬೆರಳುದ್ದಕ್ಕಿಂತ ಚಿಕ್ಕ ಮರಿ ಬಿಟ್ಟರೆ ಅದು ತೂಕಕ್ಕೆ ಬರುವ ಹೊತ್ತಿಗೆ ಕೆರೆ ಒಣಗಿರುತ್ತದೆ. ಮೀನುಗಾರಿಕೆಯ ಇಡೀ ಸಮಸ್ಯೆ ಇಲ್ಲಿ ಈ ಕಾಲದ ಕೊರತೆಯಲ್ಲಿ ಅಡಗಿದೆ. ಯಾವ ಯಂತ್ರ ತಂದರೂ ಅದು ಈ ಕೊರತೆಯನ್ನು ತುಂಬುತ್ತದೆಯೇ ಎಂದು ಕೇಳಿಯೇ ತರಬೇಕು.

ಮರುಬಳಕೆ ತೊಟ್ಟಿಯೊಳಗೆ ನಡೆಯುವುದನ್ನು ಸರಳವಾಗಿ ಹೇಳಬಹುದು. ಶೇ. 30–35 ಪ್ರೋಟೀನ್ ಇರುವ 1 ಕೆ.ಜಿ. ಆಹಾರವನ್ನು ಮೀನು ತಿಂದರೆ ಸುಮಾರು 30 ಗ್ರಾಂ ಸಾರಜನಕ ಅಮೋನಿಯಾ ರೂಪದಲ್ಲಿ ನೀರಿಗೆ ಬರುತ್ತದೆ, ಜೊತೆಗೆ ಇನ್ನೂರೈವತ್ತು ಮುನ್ನೂರು ಗ್ರಾಂ ಒಣತೂಕದ ಹಿಕ್ಕೆ. ದುಂಡು ತೊಟ್ಟಿಯಲ್ಲಿ ನೀರನ್ನು ಸುತ್ತಿಸಿದರೆ ಹಿಕ್ಕೆ ನಡುವಿನ ತೂಬಿಗೆ ಬಂದು ಸೇರುತ್ತದೆ. ಅಲ್ಲಿಂದ ನೀರು 40–60 ಮೈಕ್ರಾನ್ ಜಾಲರಿಯ ಡ್ರಮ್ ಫಿಲ್ಟರಿಗೆ ಹೋಗಿ ಘನವಸ್ತು ಕಳೆದುಕೊಳ್ಳುತ್ತದೆ. ಆಮೇಲೆ ಪ್ಲಾಸ್ಟಿಕ್ ಬಿಲ್ಲೆಗಳ ಮೇಲೆ ಬೆಳೆದ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ಮೊದಲು ನೈಟ್ರೈಟ್ ಆಗಿ, ನಂತರ ನೈಟ್ರೇಟ್ ಆಗಿ ಮಾರ್ಪಡಿಸುತ್ತವೆ. ಕೊನೆಗೆ ಇಂಗಾಲದ ಡೈಆಕ್ಸೈಡನ್ನು ಹೊರದೂಡಿ, ಆಮ್ಲಜನಕ ಬೆರೆಸಿ ನೀರನ್ನು ತೊಟ್ಟಿಗೆ ಮರಳಿಸುತ್ತಾರೆ. ಇದರಲ್ಲಿ ಯಾವುದೂ ಗುಟ್ಟಲ್ಲ. ಎಲ್ಲ ಹಂತಗಳೂ ಹಗಲು ರಾತ್ರಿ ನಿಲ್ಲದೆ ನಡೆಯಬೇಕು ಎನ್ನುವುದೇ ಕಷ್ಟ. 30 ಡಿಗ್ರಿಯ ನೀರು ಹಿಡಿದಿಡಬಲ್ಲ ಆಮ್ಲಜನಕ ಲೀಟರಿಗೆ 7.5 ಮಿ.ಗ್ರಾಂ ಮಾತ್ರ. ಒಂದು ಕೆ.ಜಿ. ಮೀನು ಗಂಟೆಗೆ 250 ಮಿ.ಗ್ರಾಂ ಆಮ್ಲಜನಕ ಉಸಿರಾಡುತ್ತದೆ ಎಂದು ಹಿಡಿದರೆ, ಘನ ಮೀಟರಿಗೆ 55 ಕೆ.ಜಿ. ತುಂಬಿದ ತೊಟ್ಟಿಯಲ್ಲಿ ಕರೆಂಟು ಹೋದ 17 ನಿಮಿಷಕ್ಕೆ ಆಮ್ಲಜನಕ 6ರಿಂದ 2 ಮಿ.ಗ್ರಾಂಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ಮೀನು ಸಾಯಲು ತೊಡಗುತ್ತದೆ. ಹಳ್ಳಿಯ ಫೀಡರಿನಲ್ಲಿ ಕರೆಂಟು ಹೋಗಿ, ಜನರೇಟರಿಗೆ ಡೀಸೆಲ್ ಇದೆಯೇ ಎಂದು ನೋಡಿ, ಅದನ್ನು ಚಾಲೂ ಮಾಡಲು 17 ನಿಮಿಷ ದೊಡ್ಡ ಅವಧಿಯಲ್ಲ. ಆರು ತಿಂಗಳ ದುಡಿಮೆ ಮತ್ತು ಸಾಲ ಒಂದೇ ರಾತ್ರಿಯ ಹದಿನೇಳು ನಿಮಿಷಕ್ಕೆ ಜೋತುಬಿದ್ದಿರುವಂಥ ಯಂತ್ರವನ್ನು ರೈತನ ಕೈಗೆ ಕೊಡುವಾಗ ಕೊಡುವವರ ಎದೆ ಒಮ್ಮೆ ಅಳುಕಬೇಕು.

ಹಣದ ಲೆಕ್ಕವೂ ಇದನ್ನೇ ಹೇಳುತ್ತದೆ. ಮರುಬಳಕೆ ಪದ್ಧತಿಯಲ್ಲಿ ಒಂದು ಕೆ.ಜಿ. ಮೀನಿಗೆ ಸಾಮಾನ್ಯವಾಗಿ 3ರಿಂದ 8 ಯೂನಿಟ್ ವಿದ್ಯುತ್ ಬೇಕಾಗುತ್ತದೆ. ನಡುವಿನ 5 ಯೂನಿಟ್ ಹಿಡಿದು, ಯೂನಿಟಿಗೆ 7 ರೂಪಾಯಿ ಹಾಕಿದರೂ ಕರೆಂಟಿಗೇ 35 ರೂಪಾಯಿ. ಒಂದೂವರೆ ಕೆ.ಜಿ. ಆಹಾರದ ಬೆಲೆ, ಮರಿ, ಕೂಲಿ, ಸಾಲದ ಬಡ್ಡಿ, ಸವೆದ ಯಂತ್ರದ ಪಾಲು ಇದರ ಮೇಲೆ ಕೂಡುತ್ತವೆ. ಅತ್ತ ಆಂಧ್ರದ ಕೊಲ್ಲೇರು ಸೀಮೆಯ ಕೊಳಗಳಲ್ಲಿ ಕಾಲುವೆ ನೀರಲ್ಲಿ ಬೆಳೆದ ರೋಹು, ಕಾಟ್ಲಾ, ಪಂಗಾಸ್ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ದೇಶವೆಲ್ಲ ಸುತ್ತುತ್ತವೆ. ಆ ಮೀನಿನ ಜೊತೆ ಬೆಲೆಯಲ್ಲಿ ಸೆಣಸುವುದು ಶೆಡ್ಡಿನ ಮೀನಿಗೆ ಆಗದ ಮಾತು. ಬಂಡವಾಳ ಮತ್ತು ತಜ್ಞರು ಧಾರಾಳವಾಗಿರುವ ಕಡೆಯೂ ಈ ಪದ್ಧತಿ ಎಡವಿದೆ. ಅಮೆರಿಕದ ಫ್ಲೋರಿಡಾದಲ್ಲಿ ನೆಲದ ಮೇಲೆ ಸಾಲ್ಮನ್ ಬೆಳೆಯಲು ಹೊರಟ ಅಟ್ಲಾಂಟಿಕ್ ಸಫೈರ್ ಕಂಪನಿಯ ಘಟಕದಲ್ಲಿ 2021ರ ಮಾರ್ಚಿನಲ್ಲಿ ಒಮ್ಮೆಗೇ ಸುಮಾರು 500 ಟನ್ ಮೀನು ಸತ್ತಿತು. ಆ ಪೆಟ್ಟನ್ನು ಷೇರುದಾರರು ಹಂಚಿಕೊಂಡರು. ಇಲ್ಲಿಯ ಫಲಾನುಭವಿಯ ಹಿಂದೆ ಹಾಗೆ ಹಂಚಿಕೊಳ್ಳುವವರು ಯಾರೂ ಇರುವುದಿಲ್ಲ. ಒಂದು ಅಪವಾದವನ್ನು ಒಪ್ಪಬೇಕು. ಕೊರಮೀನು, ಅಂದರೆ ಮರಲ್, ತೆಲಂಗಾಣದ ರಾಜ್ಯ ಮೀನು. ಹೈದರಾಬಾದಿನಲ್ಲಿ ಜೀವಂತ ಕೊರಮೀನಿಗೆ ಒಳ್ಳೆಯ ಬೆಲೆಯಿದೆ, ಸೇಡಂನಿಂದ ಆ ಪೇಟೆ ದೂರವೂ ಅಲ್ಲ. ನೀರ ಮೇಲೆ ಬಂದು ಗಾಳಿ ನುಂಗುವ ಮೀನಾದ್ದರಿಂದ ಕರೆಂಟು ಹೋದರೂ ಅದು ತಾಳುತ್ತದೆ. ಆದರೆ ಅದು ತನ್ನ ಜಾತಿಯ ಚಿಕ್ಕದನ್ನೇ ತಿನ್ನುತ್ತದೆ. ವಾರವಾರವೂ ಗಾತ್ರ ನೋಡಿ ಬೇರ್ಪಡಿಸಬೇಕು, ಹೆಚ್ಚು ಪ್ರೋಟೀನಿನ ಆಹಾರ ಹಾಕಬೇಕು. ನುರಿತ ಕೈ ಮತ್ತು ಸ್ವಂತ ಬಂಡವಾಳ ಇರುವವರು ಮಾಡಲಿ, ಒಳ್ಳೆಯದೇ. ಸಾರ್ವಜನಿಕ ಹಣದ ಮುಖ್ಯ ದಾರಿ ಅದಾಗಬೇಕಿಲ್ಲ.

ಮರಿಯ ಲೆಕ್ಕ ಬೇರೆ. ಆಂಧ್ರದ ಮೀನು ಕೃಷಿಕರು ಸಣ್ಣ ಮರಿಯನ್ನು ನೇರವಾಗಿ ದೊಡ್ಡ ಕೊಳಕ್ಕೆ ಬಿಡುವುದಿಲ್ಲ. ಒತ್ತಾಗಿ ಕೂಡಿಟ್ಟು, ಆಹಾರ ಬಿಗಿಹಿಡಿದು, ವರ್ಷದ ಮರಿಯಾಗಿ ಬಲಿಸಿ ಆಮೇಲೆ ಬಿಡುತ್ತಾರೆ. ಹಾಗೆ ತಡೆಹಿಡಿದ ಮರಿಗೆ ಜಾಗ ಮತ್ತು ಮೇವು ಸಿಕ್ಕಿದ ಕೂಡಲೇ ಅದು ಭರದಿಂದ ಬೆಳೆಯುತ್ತದೆ. ಆರು ತಿಂಗಳ ನೀರಿರುವ ನಮ್ಮ ಕೆರೆಗಳಿಗೆ ಬೇಕಾದದ್ದು ಇಂಥ ಮರಿಯೇ. ಆದರೆ ಕಾರ್ಪ್ ಮೀನು ಮರಿಯಾಗುವುದು ಜೂನ್‌ನಿಂದ ಆಗಸ್ಟ್ ತಿಂಗಳಲ್ಲಿ. ಅದನ್ನು ಮುಂದಿನ ಜೂನ್‌ವರೆಗೆ ಕಾಪಾಡಬೇಕು. ಆಂಧ್ರದವರಿಗೆ ಕಾಲುವೆ ಇದೆ. ಇಲ್ಲಿ ಫೆಬ್ರವರಿಯಿಂದ ಜೂನ್‌ವರೆಗೆ ತೆರೆದ ನೀರಿನಿಂದ ದಿನಕ್ಕೆ ಏಳು ಮಿ.ಮೀ. ಆವಿಯಾಗುತ್ತದೆ ಎಂದು ಹಿಡಿದರೂ, ಒಂದು ಹೆಕ್ಟೇರ್ ಕೊಳ ಆ ಐದು ತಿಂಗಳಲ್ಲಿ 10,000 ಘನ ಮೀಟರಿಗಿಂತ ಹೆಚ್ಚು ನೀರನ್ನು ಬಿಸಿಲಿಗೇ ಒಪ್ಪಿಸುತ್ತದೆ. ಅದೇ ಕೆಲಸವನ್ನು 180 ಘನ ಮೀಟರಿನ ಮಧ್ಯಮ ಘಟಕವೊಂದು ದಿನಕ್ಕೆ ಹತ್ತರಲ್ಲೊಂದು ಪಾಲು ನೀರು ಬದಲಿಸುತ್ತ ಮಾಡಿದರೆ ಹಿಡಿಯುವುದು 2,700 ಘನ ಮೀಟರ್. ಆ ನೀರೂ ಹೊಲಕ್ಕೆ ಸಿಗುತ್ತದೆ. ಮರುಬಳಕೆ ತೊಟ್ಟಿ ನೀರು ಉಳಿಸುತ್ತದೆ ಎನ್ನುವ ಮಾತು ಪೂರ್ಣ ನಿಜವಾಗುವುದು ಇಲ್ಲಿಯೇ, ಬೇರೆ ಯಾವ ನೀರೂ ಉಳಿಯದ ಈ ಐದು ತಿಂಗಳಲ್ಲಿ.

ಸಂಖ್ಯೆಗಳನ್ನು ಎಚ್ಚರದಿಂದ, ಕೆಳಮಟ್ಟದಲ್ಲೇ ಹಿಡಿದು ನೋಡೋಣ. ಘನ ಮೀಟರಿಗೆ 55ರ ಬದಲು 15 ಕೆ.ಜಿ. ಮಾತ್ರ ಇಟ್ಟರೆ 180 ಘನ ಮೀಟರಿನಲ್ಲಿ 2.7 ಟನ್, ಅಂದರೆ 50 ಗ್ರಾಂ ತೂಕದ 54,000 ಮರಿ. ಹೆಕ್ಟೇರಿಗೆ 1,000ದಂತೆ ಬಿಟ್ಟರೆ 54 ಹೆಕ್ಟೇರ್ ನೀರಿಗೆ ಸಾಕು. ಬಿಟ್ಟದ್ದರಲ್ಲಿ ನೂರಕ್ಕೆ 40 ಮಾತ್ರ ಬಲೆಗೆ ಬಂದು, ತಲಾ 800 ಗ್ರಾಂ ತೂಗಿದರೂ 17 ಟನ್ ಮೀನು. ಅದೇ ಘಟಕದಲ್ಲಿ ತೂಕದ ಮೀನು ಬೆಳೆಸಿದ್ದರೆ ಎಲ್ಲ ಸರಿಹೋದಾಗ ಒಂದು ಬೆಳೆಗೆ 10 ಟನ್ ಆಗುತ್ತಿತ್ತು. ಮರಿ ಸಾಕಲು ದಿನಕ್ಕೆ 60 ಯೂನಿಟ್‌ನಂತೆ 300 ದಿನಕ್ಕೆ 18,000 ಯೂನಿಟ್ ಹಿಡಿದರೆ, ಕೊನೆಗೆ ಬಲೆಗೆ ಸಿಗುವ ಒಂದು ಕೆ.ಜಿ. ಮೀನಿನ ಮೇಲೆ ಬೀಳುವ ವಿದ್ಯುತ್ ಸುಮಾರು ಒಂದು ಯೂನಿಟ್. ಮೀನಿನ ಉಳಿದ ತೂಕವೆಲ್ಲ ಜಲಾಶಯದ ಪಾಚಿ ಮತ್ತು ಸೂಕ್ಷ್ಮಜೀವಿಗಳಿಂದ, ಬಿಸಿಲಿನ ಶಕ್ತಿಯಿಂದ, ಬಿಟ್ಟಿಯಾಗಿ ಬರುತ್ತದೆ. ಕರೆಂಟು ಹೋದಾಗಿನ ಅವಧಿಯೂ ಬದಲಾಗುತ್ತದೆ. ಮರಿಗಳ ಉಸಿರಾಟ ತುಸು ಹೆಚ್ಚೆಂದು ಗಂಟೆಗೆ 300 ಮಿ.ಗ್ರಾಂ ಹಿಡಿದರೂ 17 ನಿಮಿಷದ ಜಾಗದಲ್ಲಿ 50 ನಿಮಿಷ ಸಿಗುತ್ತದೆ. ಐವತ್ತು ನಿಮಿಷದಲ್ಲಿ ಮನುಷ್ಯ ನಿದ್ದೆಯಿಂದೆದ್ದು, ಜನರೇಟರ್ ಚಾಲೂ ಮಾಡಿ, ಅದು ಕೈಕೊಟ್ಟರೆ ಆಮ್ಲಜನಕದ ಸಿಲಿಂಡರ್ ತೆರೆಯಬಲ್ಲ. ಕರೆಂಟು ಹೋದೊಡನೆ ತಾನಾಗಿ ತೆರೆದುಕೊಳ್ಳುವ ಕವಾಟವನ್ನು ಆ ಸಿಲಿಂಡರಿಗೆ ಜೋಡಿಸಿದರೆ ಇನ್ನೂ ಒಳ್ಳೆಯದು. ಘಟಕದ ಒಟ್ಟು ವೆಚ್ಚದಲ್ಲಿ ಅದರ ಪಾಲು ಬಹಳ ಚಿಕ್ಕದು.

ಉದ್ದೇಶ ಇಷ್ಟು ಸ್ಪಷ್ಟವಾದ ಮೇಲೆ ವಿನ್ಯಾಸ ನೆಲದ ಮಾತು ಕೇಳಬೇಕು. ಇಲ್ಲಿಯ ಮೊದಲ ಅನುಕೂಲ ಸುಣ್ಣ. ಬ್ಯಾಕ್ಟೀರಿಯಾ 1 ಗ್ರಾಂ ಅಮೋನಿಯಾ ಸಾರಜನಕವನ್ನು ನೈಟ್ರೇಟ್ ಮಾಡುವಾಗ ನೀರಿನ ಕ್ಷಾರೀಯತೆಯಲ್ಲಿ ಸುಮಾರು 7 ಗ್ರಾಂ ತಿಂದುಹಾಕುತ್ತದೆ. ಅದನ್ನು ತುಂಬದಿದ್ದರೆ ನೀರು ಹುಳಿಯಾಗಿ ಬ್ಯಾಕ್ಟೀರಿಯಾ ಕೆಲಸ ನಿಲ್ಲಿಸುತ್ತದೆ. ಸುಣ್ಣಗಲ್ಲಿನ ಸೀಮೆಯ ಅಂತರ್ಜಲದಲ್ಲಿ ಲೀಟರಿಗೆ 300 ಮಿ.ಗ್ರಾಂ ಕ್ಷಾರೀಯತೆ ಅಪರೂಪವಲ್ಲ. ಅದರಲ್ಲಿ 100 ಉಳಿಸಿಕೊಂಡು 200 ಖರ್ಚು ಮಾಡಬಹುದು. ಮರಿಗಳಿಗೆ ದಿನಕ್ಕೆ 30 ಕೆ.ಜಿ. ಆಹಾರ ಹಾಕಿದರೆ ಬೇಕಾಗುವ ಕ್ಷಾರೀಯತೆ ಆರೂವರೆ ಕೆ.ಜಿ.ಯ ಸುತ್ತಮುತ್ತ. ದಿನವೂ ಸೇರಿಸುವ 18 ಘನ ಮೀಟರ್ ಹೊಸ ನೀರೇ ಅದರಲ್ಲಿ 3.6 ಕೆ.ಜಿ. ಕೊಡುತ್ತದೆ, ಅರ್ಧಕ್ಕಿಂತ ಹೆಚ್ಚು. ಇದೇ ನೀರು 10 ಟನ್ ದಪ್ಪ ಮೀನಿನ ತೊಟ್ಟಿಗೆ ಹತ್ತರಲ್ಲೊಂದು ಪಾಲು ಮಾತ್ರ ಒದಗಿಸೀತು. ನೆಲದ ಉಡುಗೊರೆ ಸಾಕಾಗುವುದು ಹದವಾದ ಒತ್ತಿನ ಘಟಕಕ್ಕೆ ಮಾತ್ರ. ಫಿಲ್ಟರಿನಲ್ಲಿ ಸುಣ್ಣಗಲ್ಲಿನ ಚೂರು ತುಂಬಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂಬ ಸಲಹೆಯೂ ಕೇಳಿಬರುತ್ತದೆ. ನೀರು ಸಾಕಷ್ಟು ಹುಳಿಯಾಗುವವರೆಗೆ ಆ ಚೂರು ಕರಗುವುದೇ ಇಲ್ಲ, ಮೇಲೆ ಲೋಳೆ ಕಟ್ಟಿದ ನಂತರ ಇನ್ನೂ ನಿಧಾನ. ಅದನ್ನು ನಂಬಿ ಕೂರಬಾರದು.

ಕೊರತೆ ತುಂಬಲು ಏನು ಹಾಕಬೇಕು ಎನ್ನುವುದು ನನಗೆ ಅತ್ಯಂತ ಮುಖ್ಯವಾಗಿ ಕಾಣುವ ಪ್ರಶ್ನೆ. ಕೈಪಿಡಿಗಳೆಲ್ಲ ಸೋಡಾ ಪುಡಿ, ಅಂದರೆ ಸೋಡಿಯಂ ಬೈಕಾರ್ಬೊನೇಟ್ ಹಾಕಲು ಹೇಳುತ್ತವೆ, ನೈಟ್ರೈಟಿನ ವಿಷ ತಡೆಯಲು ಅಡುಗೆ ಉಪ್ಪು ಹಾಕಲು ಹೇಳುತ್ತವೆ. ತೊಟ್ಟಿಯ ಮಟ್ಟಿಗೆ ಎರಡೂ ಸರಿ. ಆದರೆ ತೊಟ್ಟಿಯಿಂದ ಹೊರಬಿದ್ದ ನೀರು ಹೋಗುವುದು ಎರೆಭೂಮಿಗೆ. ಎರೆಮಣ್ಣಿನ ಜೇಡಿಗೆ ಸೋಡಿಯಂ ಸೇರುತ್ತ ಹೋದರೆ ಕಣಗಳು ಬಿಟ್ಟುಹೋಗಿ ಮಣ್ಣು ಮೆತ್ತಿಕೊಳ್ಳುತ್ತದೆ, ನೀರು ಇಂಗುವುದಿಲ್ಲ, ಒಣಗಿದಾಗ ಕಲ್ಲಾಗುತ್ತದೆ. ಮೀನಿನ ನೀರು ಗೊಬ್ಬರವೆಂದು ಹಿಗ್ಗಿ ಹಾಯಿಸಿದ ಹೊಲ ಕೆಲವೇ ವರ್ಷಗಳಲ್ಲಿ ಕೆಡಬಹುದು. ಇಲ್ಲಿ ಸೋಡಾ ಪುಡಿಯ ಬದಲು ಅರಳಿಸಿದ ಸುಣ್ಣದ ತಿಳಿ, ಅಡುಗೆ ಉಪ್ಪಿನ ಬದಲು ಕ್ಯಾಲ್ಸಿಯಂ ಕ್ಲೋರೈಡ್ ಬಳಸುವುದು ಸರಿಯಾದ ಆಯ್ಕೆ. ಮೇಲಿನ ಲೆಕ್ಕದ ಕೊರತೆಗೆ ದಿನಕ್ಕೆ ಎರಡು ಕೆ.ಜಿ. ಚಿಲ್ಲರೆ ಅರಳಿಸಿದ ಸುಣ್ಣ ಸಾಕು. ಅದು ನೀರಿನಲ್ಲಿ ಕೂಡಿದ ಇಂಗಾಲದ ಡೈಆಕ್ಸೈಡನ್ನೂ ಹೀರುತ್ತದೆ. ಒಮ್ಮೆಗೇ ಸುರಿದರೆ ಮಾತ್ರ ಅಪಾಯ. ನೀರಿನ ಪಿಎಚ್ 7 ಇದ್ದಾಗ, 30 ಡಿಗ್ರಿಯಲ್ಲಿ, ಒಟ್ಟು ಅಮೋನಿಯಾದಲ್ಲಿ ವಿಷರೂಪದ್ದು ಶೇ. 1ಕ್ಕಿಂತ ಕಡಿಮೆ. ಪಿಎಚ್ 8.5 ಆದರೆ ಶೇ. 20. ಆದ್ದರಿಂದ ಸುಣ್ಣದ ತಿಳಿಯನ್ನು ಇಡೀ ದಿನ ಹನಿಹನಿಯಾಗಿ ಬಿಡಬೇಕು. ಈ ಸುಣ್ಣಕ್ಕೆ ಇನ್ನೊಂದು ಮುಖವೂ ಇದೆ. ಪೈಪಿನೊಳಗೆ, ಪಂಪಿನ ರೆಕ್ಕೆಗೆ, ನೇರಳಾತೀತ ದೀಪದ ಗಾಜಿಗೆ ಬಿಳಿ ಹೆಪ್ಪು ಕಟ್ಟುತ್ತದೆ. ಬಿಚ್ಚಿ ತೊಳೆಯಲು ಬರುವಂತೆ ಜೋಡಣೆಗಳನ್ನು ಮೊದಲೇ ಇಡಬೇಕು, ಅಂಟು ಹಾಕಿ ಮುಚ್ಚಿದ ಪೈಪು ಇಲ್ಲಿ ಹೆಚ್ಚು ಕಾಲ ಬಾಳುವುದಿಲ್ಲ. ಇನ್ನು ಹೊರಹೋಗುವ ನೈಟ್ರೇಟ್ ನೀರನ್ನು ತೊಗರಿಗೆ ಹಾಯಿಸುವುದರಲ್ಲಿ ಅರ್ಥವಿಲ್ಲ. ತನ್ನ ಸಾರಜನಕವನ್ನು ತಾನೇ ಗಾಳಿಯಿಂದ ಪಡೆಯುವ ಬೆಳೆ ಅದು. ಮೇವಿನ ಜೋಳ, ನೇಪಿಯರ್ ಹುಲ್ಲು, ಬಾಳೆ, ತರಕಾರಿ ಅದನ್ನು ಚೆನ್ನಾಗಿ ಉಣ್ಣುತ್ತವೆ, ಬೇಸಿಗೆಯಲ್ಲಿ ಹಸಿಮೇವಿಗೆ ಬೇಡಿಕೆಯೂ ಇದೆ.

ಬಿಸಿಲನ್ನೂ ಹೀಗೆಯೇ ಎದುರಿಸಬೇಕು. ತಣ್ಣನೆ ದೇಶಗಳ ನಕ್ಷೆಗಳು ಶಾಖವನ್ನು ಒಳಗೇ ಹಿಡಿದಿಡಲು ಬರೆದವು. ಸಿಮೆಂಟ್ ಕಾರ್ಖಾನೆಯ ವ್ಯರ್ಥ ಶಾಖವನ್ನು ಮೀನಿನ ತೊಟ್ಟಿಗೆ ಬಳಸಬಹುದಲ್ಲ ಎನ್ನುವ ಆಲೋಚನೆಯೂ ಅಂಥ ದೇಶಗಳಿಗೇ ಒಪ್ಪುತ್ತದೆ. ಮೇ ತಿಂಗಳಲ್ಲಿ 43 ಡಿಗ್ರಿ ಮುಟ್ಟುವ ಈ ಸೀಮೆಯ ಚಿಂತೆ ತಣಿಸುವುದು. ಆದರೆ ಆ ಬಿಸಿಲು ಒಣಬಿಸಿಲು. ಗಾಳಿಯ ತೇವ ಶೇ. 20 ಇದ್ದಾಗ, 43 ಡಿಗ್ರಿಯಲ್ಲೂ ಒದ್ದೆಬಟ್ಟೆ ಸುತ್ತಿದ ತಾಪಮಾಪಕ ತೋರಿಸುವುದು ಇಪ್ಪತ್ತನಾಲ್ಕು ಇಪ್ಪತ್ತೈದು ಡಿಗ್ರಿ. ಮಣ್ಣಿನ ಗಡಿಗೆ ನೀರು ತಣಿಸುವುದು ಇದೇ ಲೆಕ್ಕದಲ್ಲಿ. ನೀರನ್ನು ಎತ್ತರದ ಪ್ಲಾಸ್ಟಿಕ್ ಜಾಲದ ಮೇಲಿಂದ ತೆಳುವಾಗಿ ಇಳಿಬಿಡುವ ಗೋಪುರ ಕಟ್ಟಿದರೆ ಒಂದೇ ಇಳಿಜಾರಿನಲ್ಲಿ ಮೂರು ಕೆಲಸ ಆಗುತ್ತವೆ. ಬ್ಯಾಕ್ಟೀರಿಯಾ ಅಮೋನಿಯಾ ತಿನ್ನುತ್ತದೆ, ಇಂಗಾಲದ ಡೈಆಕ್ಸೈಡ್ ಹಾರಿಹೋಗುತ್ತದೆ, ನೀರು ತಣಿಯುತ್ತದೆ. ಸುಮಾರು 600 ಲೀಟರ್ ಆವಿಯಾದರೆ 180 ಘನ ಮೀಟರ್ ನೀರು 2 ಡಿಗ್ರಿ ಇಳಿಯುತ್ತದೆ, ದುಬಾರಿ ಚಿಲ್ಲರ್ ಬೇಡ. ಡಿಸೆಂಬರಿನ ರಾತ್ರಿಗಳಲ್ಲಿ ಇದೇ ಗೋಪುರ ಮರಿಗಳನ್ನು ಮರಗಟ್ಟಿಸೀತು, ಹಾಗಾಗಿ ನೀರನ್ನು ಪಕ್ಕದಿಂದ ತಿರುಗಿಸುವ ಕವಾಟ ಇರಬೇಕು. ವಾಡಿ, ಮಳಖೇಡದಂಥ ಕಡೆ ಗಾಳಿಯಲ್ಲಿ ಬರುವ ಸಿಮೆಂಟ್ ಧೂಳು ಕ್ಷಾರವಾದ್ದರಿಂದ ಗೋಪುರದ ಗಾಳಿಕಿಂಡಿಗೆ ಜಾಲರಿಯೂ ಬೇಕು. ಗೋಪುರಕ್ಕೆ ಎತ್ತರ ಬೇಕಲ್ಲ, ಎತ್ತರವೆಂದರೆ ಕರೆಂಟಲ್ಲವೇ ಎಂದು ಕೇಳಬಹುದು. ಸರಿಯಾದ ಪ್ರಶ್ನೆ. ಶೇ. 60 ದಕ್ಷತೆಯ ಪಂಪು ಗಂಟೆಗೆ 180 ಘನ ಮೀಟರಿನಂತೆ ದಿನವಿಡೀ ನೀರನ್ನು 3 ಮೀಟರ್ ಎತ್ತಿದರೆ ಸುಮಾರು 59 ಯೂನಿಟ್ ಉರಿಯುತ್ತದೆ, 1.2 ಮೀಟರ್ ಎತ್ತಿದರೆ ಸುಮಾರು 24. ತೊಟ್ಟಿಗಳನ್ನು ಅರ್ಧ ನೆಲದೊಳಗೆ ಇಳಿಸಿ, ಮುಖ್ಯ ಹರಿವನ್ನು ತಗ್ಗಿನಲ್ಲೇ ಸುತ್ತಿಸಿ, ಅದರ ನಾಲ್ಕರಲ್ಲೊಂದು ಪಾಲನ್ನು ಮಾತ್ರ ಗೋಪುರಕ್ಕೆ ಏರಿಸಿದರೆ ಸಾಕು. ಮರಿಗಳ ತೊಟ್ಟಿಗೆ ಗಂಟೆಗೊಮ್ಮೆ ಪೂರ್ಣ ಸುತ್ತೂ ಬೇಕಿಲ್ಲ, ಎರಡು ಗಂಟೆಗೊಮ್ಮೆ ಸಾಕಾದೀತು.

ಇಷ್ಟು ಕಸರತ್ತು ಏಕೆ, ನೀರು ನಿಂತ ಖಣಿ ಹೊಂಡಗಳಿಗೇ ಪಂಜರ ಇಳಿಬಿಟ್ಟು ಆಹಾರ ಹಾಕಿ ಮೀನು ಬೆಳೆಯಬಾರದೇ ಎನ್ನುವುದು ಗಟ್ಟಿಯಾದ ಆಕ್ಷೇಪ. ಜಾರ್ಖಂಡಿನಲ್ಲಿ ಕೈಬಿಟ್ಟ ಕಲ್ಲಿದ್ದಲು ಗಣಿಗಳ ನೀರಿನಲ್ಲಿ ಪಂಜರ ಮೀನುಸಾಕಣೆ ನಡೆದಿದೆ, ಊರವರಿಗೆ ಆದಾಯವೂ ಬಂದಿದೆ. ಆದರೆ ಅಮೆರಿಕದ ಮಿನೆಸೋಟಾದ ಕಬ್ಬಿಣದ ಗಣಿ ಹೊಂಡಗಳಲ್ಲಿ 1980ರ ದಶಕದ ಕೊನೆಗೆ ಶುರುವಾದ ಟ್ರೌಟ್, ಸಾಲ್ಮನ್ ಪಂಜರಗಳು ರಂಜಕದ ಮಾಲಿನ್ಯದ ತಕರಾರಿಗೆ ಸಿಕ್ಕಿ 1990ರ ದಶಕದ ನಡುವೆ ನಿಂತುಹೋದವು. ಹರಿದುಹೋಗುವ ದಾರಿಯಿಲ್ಲದ ಹೊಂಡಕ್ಕೆ ಹಾಕಿದ ಆಹಾರದ ಉಳಿಕೆಯೆಲ್ಲ ಅಲ್ಲೇ ತಳ ಸೇರುತ್ತದೆ, ತಳದ ನೀರು ಉಸಿರು ಕಳೆದುಕೊಳ್ಳುತ್ತದೆ, ಮೋಡ ಕವಿದು ಗಾಳಿ ಬೀಸಿದ ದಿನ ಆ ತಳ ಮೇಲೆದ್ದರೆ ಪಂಜರದ ಮೀನಿಗೆ ಓಡಲು ಜಾಗವಿಲ್ಲ. ಸುಣ್ಣಗಲ್ಲಿನಲ್ಲಿ ಇನ್ನೊಂದು ಭಯವಿದೆ. ಈ ಕಲ್ಲಿನಲ್ಲಿ ಬಿರುಕುಗಳಿವೆ, ನೀರು ಕೊರೆದ ಸಂದುಗಳಿವೆ, ಹೊಂಡದ ನೈಟ್ರೇಟ್ ಪಕ್ಕದ ಊರಿನ ಕುಡಿಯುವ ನೀರಿನ ಬೋರಿಗೆ ಇಳಿಯಬಹುದು. ಆದ್ದರಿಂದ ಖಣಿ ಹೊಂಡಕ್ಕೆ ಎರಡೇ ಕೆಲಸ ಕೊಡಬೇಕು ಎಂದು ನಾನು ವಾದಿಸುತ್ತೇನೆ. ಒಂದು, ಮರಿಗಳ ಘಟಕಕ್ಕೆ ಬೇಸಿಗೆಯ ನೀರಿನ ಕಣಜವಾಗುವುದು. ಇನ್ನೊಂದು, ಆಹಾರವನ್ನೇ ಹಾಕದೆ, ಇರುವ ಪಾಚಿಯನ್ನು ತಿಂದು ಬೆಳೆಯುವ ಕೆಲವೇ ಮೀನನ್ನು ಸಾಕುವುದು. ಆಗ ಮೀನು ಹಿಡಿದಾಗಲೆಲ್ಲ ಹೊಂಡದಿಂದ ರಂಜಕ ಹೊರಗೆ ಬರುತ್ತದೆ. ಘಟಕದ ಕೊಳೆನೀರನ್ನು ಮಾತ್ರ ಯಾವ ಕಾರಣಕ್ಕೂ ಹೊಂಡಕ್ಕೆ ಮರಳಿಸಕೂಡದು.

ಬಲಿತ ಮರಿ ಬೇಕಾದರೆ ಆಂಧ್ರದಿಂದಲೇ ಲಾರಿಯಲ್ಲಿ ತರಿಸಬಹುದಲ್ಲ, ಅಗ್ಗವೂ ಆಗುತ್ತದೆ ಎನ್ನುವವರಿದ್ದಾರೆ. ಮರಿಯೊಂದರ ಬೆಲೆಯಷ್ಟನ್ನೇ ನೋಡಿದರೆ ಅವರ ಮಾತು ನಿಜವಿರಬಹುದು. ಆದರೆ ಇಲ್ಲಿಯ ಕೆರೆಗೆ ನೀರು ಬರುವ ದಿನ ಯಾರಿಗೂ ಗೊತ್ತಿರುವುದಿಲ್ಲ. ಒಂದು ವರ್ಷ ಮೃಗಶಿರಕ್ಕೇ ಹಳ್ಳ ಹರಿದರೆ ಇನ್ನೊಂದು ವರ್ಷ ಮಘಾ ಮಳೆಯವರೆಗೆ ಕಾಯಬೇಕು. ನೀರು ಬಂದ ವಾರದೊಳಗೆ ಮರಿ ಬಿಟ್ಟವನಿಗೂ ಎರಡು ತಿಂಗಳು ತಡವಾದವನಿಗೂ ಇರುವ ಅಂತರ ಅರ್ಧ ಬೆಳೆ. ನೂರಾರು ಕಿಲೋಮೀಟರ್ ದೂರದ ಮರಿ ಆ ವಾರಕ್ಕೆ ಒದಗುವುದಿಲ್ಲ, ಒದಗಿದರೂ ಪ್ರಯಾಣದ ದಣಿವಿನಿಂದ ಸೊರಗಿರುತ್ತದೆ. ರಾಜ್ಯದ ಹೆಸರಾಂತ ಬಿತ್ತನೆ ಕೇಂದ್ರಗಳಾದ ತುಂಗಭದ್ರಾ ಜಲಾಶಯ ಮತ್ತು ಭದ್ರಾ ಯೋಜನೆಯ ಕೇಂದ್ರಗಳೂ ಇಲ್ಲಿಂದ ದೂರವೇ. ತಾಲ್ಲೂಕಿಗೊಂದು ಮರಿಗಳ ಘಟಕವಿದ್ದರೆ ಸಂಜೆ ಮಳೆಯಾಗಿ ಬೆಳಿಗ್ಗೆ ಮರಿ ಬಿಡಬಹುದು. ತಳಿಯ ವಿಷಯದಲ್ಲಿಯೂ ಹಿಡಿತ ನಮ್ಮ ಕೈಯಲ್ಲಿರುತ್ತದೆ. ಚಂದ್ರಂಪಳ್ಳಿ ಇರುವುದು ಚಿಂಚೋಳಿ ವನ್ಯಜೀವಿಧಾಮದ ಕಾಡಿನ ನಡುವೆ. ಅಂಥ ನೀರಿಗೆ ತಿಲಾಪಿಯಾ ಅಥವಾ ನಿಷೇಧಿತ ಆಫ್ರಿಕನ್ ಕ್ಯಾಟ್‌ಫಿಶ್ ಲಾರಿಯ ಮರಿಗಳ ಜೊತೆ ಬೆರೆತು ಸೇರಿದರೆ ಮತ್ತೆ ಹಿಡಿದು ತೆಗೆಯಲಾಗದು. ಕಾಟ್ಲಾ, ರೋಹು ಕೂಡ ಮೂಲತಃ ಗಂಗಾ ಬಯಲಿನವೇ, ದಶಕಗಳಿಂದ ಇಲ್ಲಿಯ ಜಲಾಶಯಗಳಲ್ಲಿ ನೆಲೆಸಿವೆ ಎನ್ನುವುದನ್ನು ಮರೆಯದೆ, ಹೊಸ ಅಪಾಯವನ್ನಾದರೂ ತಡೆಯಬೇಕು.

ಯಾರ ಕೈಯಲ್ಲಿ ಇದು ಇರಬೇಕು? 25 ಲಕ್ಷದ ಘಟಕ ಒಬ್ಬ ಸಣ್ಣ ರೈತನದಾಗಬಾರದು. ಕೋಲಿ, ಕಬ್ಬಲಿಗ ಕುಟುಂಬಗಳು ಮೀನುಗಾರಿಕೆಯನ್ನು ತಲೆತಲಾಂತರದಿಂದ ಮಾಡಿಕೊಂಡು ಬಂದ ನಾಡಿದು. ಕೆರೆ, ಜಲಾಶಯಗಳ ಮೀನು ಹಿಡಿಯುವ ಸಹಕಾರ ಸಂಘಗಳೇ ಮರಿಯನ್ನು ಕೊಳ್ಳುವವರಾದ್ದರಿಂದ ಘಟಕದ ಒಡೆತನವೂ ಅವುಗಳ ಒಕ್ಕೂಟಕ್ಕೆ ಸಲ್ಲಬೇಕು. ಸಹಕಾರ ಸಂಘಗಳು ಯಂತ್ರ ನಡೆಸಲಾರವು, ಎರಡು ವರ್ಷದಲ್ಲಿ ಮೋಟರು ಸುಟ್ಟು ಶೆಡ್ ಗೋದಾಮಾಗುತ್ತದೆ ಎನ್ನುವ ಆತಂಕವನ್ನು ತಳ್ಳಿಹಾಕಲಾರೆ. ಕಟ್ಟುವ ದಿನವೇ ಸಹಾಯಧನವೆಲ್ಲ ಕೊಟ್ಟು ಕೈತೊಳೆದುಕೊಂಡರೆ ಹಾಗೆಯೇ ಆಗುತ್ತದೆ. ಅರ್ಧ ಹಣವನ್ನು ಕಟ್ಟಡಕ್ಕೂ ಉಳಿದರ್ಧವನ್ನು ಐದು ವರ್ಷಗಳ ಕಾಲ ಕೆರೆಗೆ ಬಿಟ್ಟ ಬಲಿತ ಮರಿಗಳ ಎಣಿಕೆಗೂ ಕೊಟ್ಟರೆ ಘಟಕ ನಡೆಸುವುದರಲ್ಲೇ ಲಾಭವಿರುತ್ತದೆ. ಒಬ್ಬ ಡಿಪ್ಲೊಮಾ ಕಲಿತ ಹುಡುಗ ಅಥವಾ ಹುಡುಗಿಗೆ ಅಲ್ಲಿಯೇ ಸಂಬಳದ ಕೆಲಸವಾಗುತ್ತದೆ. ಮೀನುಗಾರಿಕೆ ವಿಜ್ಞಾನವನ್ನೂ ಒಳಗೊಂಡ ವಿಶ್ವವಿದ್ಯಾಲಯ ಪಕ್ಕದ ಬೀದರಿನಲ್ಲೇ ಇದೆ, ತರಬೇತಿಗೆ ದೂರ ಹೋಗಬೇಕಿಲ್ಲ. ಹಣದ ಮೂಲವೂ ಇಲ್ಲೇ ಇದೆ. 2015ರ ಗಣಿ ಕಾಯ್ದೆ ತಿದ್ದುಪಡಿಯಿಂದ ಹುಟ್ಟಿದ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ ಹಳೆಯ ಗುತ್ತಿಗೆಯವರು ರಾಯಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಕೊಡಬೇಕು. ಗಣಿಯಿಂದ ಬಾಧಿತವಾದ ಊರುಗಳಿಗೆಂದೇ ಇರುವ ಹಣ ಅದು. ಸುಣ್ಣಗಲ್ಲು ಎತ್ತಿ ಹೊಂಡ ಉಳಿಸಿದ ಊರಿನ ನೀರು ಮತ್ತು ಜೀವನೋಪಾಯಕ್ಕೆ ಅದನ್ನು ಕೇಳುವುದು ಹಕ್ಕಿನ ಮಾತು.

ಕಾಂಕ್ರೀಟ್ ಸುರಿಯುವ ಮುಂಚೆ ಆಗಬೇಕಾದ ಕೆಲಸ ಅಗ್ಗದ್ದು. ನೀರಿನ ಮೂಲವಾಗಿ ಆರಿಸಿದ ಖಣಿ ಹೊಂಡದ ಮೇಲ್ಮೈ ಮತ್ತು ತಳದ ನೀರನ್ನು ಒಂದು ವರ್ಷವಿಡೀ ತಿಂಗಳಿಗೊಮ್ಮೆ ಪರೀಕ್ಷಿಸಬೇಕು. ಕ್ಷಾರೀಯತೆ, ಪಿಎಚ್, ಆಮ್ಲಜನಕ, ನೈಟ್ರೇಟ್, ಲವಣಾಂಶ ಗೊತ್ತಾಗಬೇಕು. ಮಳೆನೀರಿನ ಪಾಲು ಹೆಚ್ಚಿದ್ದರೆ ಅಥವಾ ಪಾಚಿ ಬೆಳೆದಿದ್ದರೆ ಹೊಂಡದ ಕ್ಷಾರೀಯತೆ ಅಂತರ್ಜಲದ ಲೆಕ್ಕಕ್ಕಿಂತ ಕಡಿಮೆ ಇರಬಹುದು, ಆಗ ಸುಣ್ಣದ ಪ್ರಮಾಣ ಬದಲಾಗುತ್ತದೆ. ಮೇ ಕೊನೆಯ ವಾರದಲ್ಲಿ ಹೊಂಡದಲ್ಲಿ ಎಷ್ಟು ಅಡಿ ನೀರು ಉಳಿದಿದೆ, ಆಗ ಸುತ್ತಲಿನ ಬಾವಿಗಳ ಮಟ್ಟ ಎಷ್ಟಿದೆ ಎಂದು ಬರೆದಿಡಬೇಕು. ಆ ಫೀಡರಿನಲ್ಲಿ ವರ್ಷದಲ್ಲಿ ಎಷ್ಟು ಸಲ ಕರೆಂಟು ಹೋಯಿತು, ಪ್ರತಿ ಸಲ ಎಷ್ಟು ನಿಮಿಷ ಹೋಯಿತು ಎಂಬ ಪಟ್ಟಿಯನ್ನು ವಿದ್ಯುತ್ ಸರಬರಾಜು ಕಂಪನಿ ಜೆಸ್ಕಾಂನಿಂದ ಪಡೆಯಬೇಕು. ಘನ ಮೀಟರಿಗೆ 15 ಕೆ.ಜಿ. ಇಡಬಹುದೋ, 10ಕ್ಕೇ ನಿಲ್ಲಿಸಬೇಕೋ ಎನ್ನುವುದನ್ನು ಆ ಪಟ್ಟಿ ಹೇಳುತ್ತದೆ.